ಬಿಚ್ಚಿ ಹೊಲಿದ ಗೊಂಬೆಗಳು

"ನನ್ನ ಮಗಳ ಗೊಂಬೆ ಕೊಡ್ರೀ!"

ಬಾಗಿಲು ತೆರೆದ ಸಾವಂತ್ರಿ ಗಾಬರಿಯಾಗಿ ಹಿಂದೆ ಸರಿದಳು. ಹೆಗಲ ಮೇಲೆ ಕಂಬಳಿಗಳ ಹೊರೆ, ಅತ್ತು ಕೆಂಪಾದ ಕಣ್ಣು... ಯಾರಿವನು?

ಹೊನ್ನಾಳಿಯಲ್ಲಿ ಆ ಮನೆಯ ಬಾಗಿಲು ತಟ್ಟುವವರೇ ಕಡಿಮೆ. ತಟ್ಟಿದವರೂ ಗೊಂಬೆ ಕೊಟ್ಟು ತಿರುಗಿ ನೋಡದೆ ಹೋಗುವವರು. ವಾಪಸ್ ಕೇಳಿಕೊಂಡು ಬಂದವನು ಇವನೇ ಮೊದಲು!

ಸತ್ತ ಮಗು ತನ್ನ ಗೊಂಬೆ ಹುಡುಕಿಕೊಂಡು ಬರುತ್ತದೆ, ಬಂದದ್ದು ಮನೆಯ ಇನ್ನೊಂದು ಜೀವವನ್ನೂ ಜೊತೆಗೆ ಕರೆದೊಯ್ಯುತ್ತದೆ ಎಂದು ಸುತ್ತಲಿನ ಜನ ನಂಬಿದ್ದರು. ಗೊಂಬೆ ಮನೆಯಲ್ಲಿಟ್ಟುಕೊಳ್ಳಲು ಭಯ, ಬಿಸಾಡಲು ಕರುಳು ಒಪ್ಪದು. ಹಾಗಾಗಿ ಸಾವಂತ್ರಿಯ ಅಜ್ಜಿ ಕರಿಯಕ್ಕನಿಗೆ ತಂದು ಕೊಡುತ್ತಿದ್ದರು. ಅಜ್ಜಿ ಆ ಬಟ್ಟೆ ಗೊಂಬೆಗಳ ಹೊಲಿಗೆ ಬಿಚ್ಚಿ, ಒಂದರ ಅರಳೆಯನ್ನು ಇನ್ನೊಂದಕ್ಕೆ ತುಂಬಿ, ಒಂದರ ಮುಖವನ್ನು ಮತ್ತೊಂದರ ಮೈಗೆ ಹೊಲಿದು ಕೋಣೆಯಲ್ಲಿ ಕೂರಿಸುತ್ತಿದ್ದಳು. ಬಂದ ಮಗುವಿಗೆ ಗುರುತು ಸಿಗಬಾರದು, ಅದು ಸುಮ್ಮನೆ ಹೋಗಿ ಎಲ್ಲಾದರೂ ಮತ್ತೆ ಹುಟ್ಟಬೇಕು ಎನ್ನುವುದು ಅವಳ ನಂಬಿಕೆ.

ಅಜ್ಜಿ ಕಣ್ಣು ಮುಚ್ಚಿದ ಮೇಲೆ ಮೊಮ್ಮಗಳಿಗೆ ಉಳಿದದ್ದು ಆ ಮನೆ ಮತ್ತು ಕೋಣೆ ತುಂಬ ಗೊಂಬೆ. ರಾತ್ರಿ ಗೊಂಬೆಗಳು ಅಳುತ್ತವೆ ಎಂದು ಓಣಿಯವರು ಹೇಳುತ್ತಿದ್ದರು. ಅಳುತ್ತಿದ್ದವಳು ಸಾವಂತ್ರಿ... ಅದನ್ನು ಯಾರಿಗೆ ಹೇಳುವುದು? ಹೆಣ್ಣು ನೋಡಲು ಬಂದವರು ಆ ಕೋಣೆಯ ಕಡೆ ಕಣ್ಣು ಹಾಯಿಸಿ, ಕೊಟ್ಟ ಕಾಫಿಯನ್ನೂ ಮುಟ್ಟದೆ ಎದ್ದು ಹೋಗುತ್ತಿದ್ದರು.

"ಯಾರ್ರೀ ನೀವು?"

"ಬೆನಕಪ್ಪ. ಜಗಳೂರಿನೋನು. ಹೆಂಡ್ತಿ, ಮಗಳು ಒಂದೇ ಜ್ವರದಾಗೆ ಹೋದ್ರು. ನಾನು ಕಂಬಳಿ ಮಾರಾಕೆ ಊರೂರು ತಿರುಗ್ತಿದ್ದಾಗ ನಮ್ಮವ್ವ ಗೊಂಬೀನ ಇಲ್ಲಿಯ ಅಜ್ಜಿಗೆ ತಂದು ಕೊಟ್ಟೈತೆ. ಇಷ್ಟು ದಿನ ಮುಚ್ಚಿಟ್ಟು ಈಗ ಹೇಳ್ತು. ಮಗಳು ನನ್ನೂ ಕರ್ಕಂಡು ಹೋಗ್ತಾಳಂತೆ... ಕರ್ಕಂಡು ಹೋದ್ರೆ ಹೋಗ್ಲಿ ಬಿಡ್ರೀ!"

ಅಷ್ಟು ಹೇಳಿ ಆ ಗಂಡಸು ಹೊಸ್ತಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ.

ಸಾವಂತ್ರಿ ಕೋಣೆಯ ಕಡೆ ತಿರುಗಿ ನೋಡಿದಳು. ಎಲ್ಲಿಂದ ತರಲಿ? ಆ ಗೊಂಬೆ ಈಗ ಎಷ್ಟು ಗೊಂಬೆಗಳಲ್ಲಿ ಹಂಚಿಹೋಗಿದೆಯೋ! ನಿಜ ಹೇಳಬೇಕಿತ್ತು. ಅವನ ಮುಖ ನೋಡಿ ಬಾಯಿ ಬರಲಿಲ್ಲ. ಒಳಗೆ ಹೋಗಿ, ಹಸಿರು ಲಂಗದ ಒಂದು ಗೊಂಬೆಯನ್ನು ಎತ್ತಿ ತಂದು ಅವನ ಕೈಗಿಟ್ಟಳು.

"ಇದೇ ಕಣ್ರೀ. ಆದ್ರೆ ಮನೆಗೆ ಕೊಡಾಕೆ ಬರಲ್ಲ. ನೋಡ್ಬೇಕು ಅನಿಸಿದಾಗ ಬರ್ರಿ."

ಅವನು ಗೊಂಬೆಯನ್ನು ಒತ್ತಿ ಹಿಡಿದ. ಬಹಳ ಹೊತ್ತು ಅವಳನ್ನೇ ನೋಡಿದ.

ಆಮೇಲೆ ಪ್ರತಿ ಸಂತೆಗೂ ಬರತೊಡಗಿದ. ಜಗಲಿಯ ಮೇಲೆ ಕೂತು ಗೊಂಬೆಯ ಜೊತೆ ಮಾತಾಡುವನು. ಅವಳು ಬಾಗಿಲ ಮರೆಯಲ್ಲಿ ಕೂತು ಹರಿದ ಗೊಂಬೆಗಳಿಗೆ ತೇಪೆ ಹಾಕುವಳು. ಬರಬರುತ್ತಾ ಅವನ ಮಾತು ಗೊಂಬೆಯಿಂದ ಅವಳ ಕಡೆಗೆ ತಿರುಗಿತು.

"ಊಟ ಆಯ್ತೇನ್ರೀ?"

ಎಷ್ಟು ಸಣ್ಣ ಮಾತು! ಅಜ್ಜಿ ಹೋದ ಮೇಲೆ ಅವಳನ್ನು ಹಾಗೆ ಕೇಳಿದವರೇ ಇರಲಿಲ್ಲ. ಸಂತೆಯ ದಿನ ಬೆಳಗ್ಗೆಯೇ ತಲೆ ಬಾಚಿಕೊಂಡು ಬಾಗಿಲು ನೋಡುವ ಹುಚ್ಚು ಹಿಡಿಯಿತು ಅವಳಿಗೆ.

ಹೀಗಿರುವಾಗ ಒಂದು ಸಂಜೆ ಅವನು ತಲೆ ತಗ್ಗಿಸಿ ಕೇಳಿದ. "ಇದನ್ನ ಮಡಿಲಾಗೆ ಇಟ್ಕಂಡು ನೀವೂ ನಮ್ಮ ಮನೀಗೆ ಬರ್ತೀರಾ? ನನ್ನ ಮದ್ವೆ ಆಗ್ತೀರಾ?"

ಅವಳ ಜೀವ ಹೂಂ ಅಂದಿತು. ಆದರೆ ಸುಳ್ಳಿನ ಗೊಂಬೆ ಹಿಡಿದು ಇವನ ಹೊಸ್ತಿಲು ತುಳಿಯಲೇ? ನಿಜ ಹೇಳಿದರೆ ಮುಖಕ್ಕೆ ಉಗಿದು ಹೋಗುತ್ತಾನೆ!

"ಆಗಲ್ಲ," ಎಂದು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

"ಹೆಂಡ್ತಿ ಸತ್ತೋನು ಅಂತಾನಾ?" ಹೊರಗಿನಿಂದ ಅವನ ದನಿ ಕೇಳಿತು. ಅವಳು ಸೆರಗು ಬಾಯಿಗೆ ತುರುಕಿಕೊಂಡಳು. ಗೊಂಬೆಯನ್ನು ಜಗಲಿಯ ಮೇಲೇ ಬಿಟ್ಟು ಅವನು ಹೋದ.

ಮುಂದಿನ ಸಂತೆಗೆ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅವಳಿಗೆ ಕೂಳು ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. 'ಉಗಿದರೆ ಉಗಿಯಲಿ... ತಾನು ಬೇಡವಾದೆ ಅಂದುಕೊಂಡು ಆ ಜೀವ ಕೊರಗಬಾರದು!'

ಅದು ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ತೆವಳುತ್ತಿದ್ದವು. ಗೊಂಬೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟವಳು ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಮೈಯೆಲ್ಲ ಮಸಿಯಾಗಿ ಜಗಳೂರು ಮುಟ್ಟಿದಳು.

ಬಾಗಿಲಲ್ಲಿ ಉಣ್ಣೆ ಹಿಂಜುತ್ತಿದ್ದ ಬೆನಕಪ್ಪನ ತಾಯಿ ಬಂಗಾರಮ್ಮ ಗೊಂಬೆ ಕಂಡು ಚಿಟ್ಟನೆ ಚೀರಿದಳು. "ಅದನ್ನ ಒಳಗೆ ತರಬ್ಯಾಡ! ಇರೋನೊಬ್ಬನ್ನಾದ್ರೂ ಉಳಿಸ್ಕೊಡು ತಾಯಿ!"

ಒಳಗಿಂದ ಬೆನಕಪ್ಪ ಓಡಿ ಬಂದ. ಸೊರಗಿದ್ದ. ಅವಳು ಅಂಗಳದಲ್ಲೇ ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಇದು ನಿಮ್ಮ ಮಗಳ ಗೊಂಬೆ ಅಲ್ರೀ! ಅಜ್ಜಿ ಎಲ್ಲಾ ಬಿಚ್ಚಿ ಬೆರೆಸಿಬಿಟ್ಟೈತೆ. ನೀವು ಅಳಾದು ನೋಡಾಕಾಗದೆ ಸುಳ್ಳು ಹೇಳ್ದೆ. ನಿಮ್ಮನ್ನ ಬ್ಯಾಡ ಅಂದಿದ್ದಲ್ಲ... ನಾನೇ ಯೋಗ್ಯಳಲ್ಲ!"

ಬೆನಕಪ್ಪ ನಿಧಾನವಾಗಿ ಹತ್ತಿರ ಬಂದ.

"ಗೊತ್ತಿತ್ತು."

"ಏನು?"

"ನನ್ನ ಹೆಂಡ್ತಿ ಆ ಗೊಂಬೀಗೆ ಕುರಿ ಉಣ್ಣೆ ತುಂಬಿದ್ಳು. ಇದನ್ನ ಹಿಡಿದ ಕೂಡ್ಲೇ ತಿಳೀತು, ಒಳಗೆ ಬರೀ ಅರಳೆ."

"ಮತ್ಯಾಕೆ ಬರ್ತಿದ್ರಿ... ಅಷ್ಟು ದೂರದಿಂದ?"

"ಗುರುತಿಲ್ಲದೋನು ಅಳ್ತಾನೆ ಅಂತ ಸುಳ್ಳು ಹೇಳೋ ಜೀವ ಎಲ್ಲಿ ಸಿಗುತ್ತೆ ಹೇಳ್ರಿ? ನಿಮ್ಮನ್ನ ನೋಡಾಕೆ ಬರ್ತಿದ್ದೆ. ಜೊತೆಗೆ... ಇದೂ ಯಾರದೋ ಮಗೀಂದೇ ತಾನೇ. ಅದರ ಕೂಡ ಮಾತಾಡಾಕೂ ಯಾರಾದ್ರೂ ಬೇಕಲ್ಲ."

ಸಾವಂತ್ರಿ ಮುಖ ಮುಚ್ಚಿಕೊಂಡು ಅತ್ತಳು. ಅವನೂ ಅತ್ತ.

ಬಂಗಾರಮ್ಮ ಯಾವಾಗಲೋ ಎದ್ದು ಬಂದಿದ್ದಳು. ಕೈಯನ್ನು ಗೊಂಬೆಯ ಕಡೆ ಚಾಚಿ, ಹಿಂದಕ್ಕೆಳೆದು, ಮತ್ತೆ ಚಾಚಿದಳು.

"ನನ್ನ ಕೈಯಾರೆ ಕೊಟ್ಟು ಬಂದೆನಲ್ಲೇ... ಕೂಸಿನ ಗೊಂಬೆ ಅದು. ತಿರುಗಿ ಸೈತ ನೋಡಲಿಲ್ಲ. ಆ ಕ್ವಾಣೀಗೆ ನಂಗೂ ಬರಾಕೆ ಬಿಡ್ತೀಯೇನೇ?"

"ಬರ್ರಿ. ಆದ್ರೆ ನಮ್ಮ ಮಗೀಂದು ಯಾವ್ದು ಅಂತ ಗೊತ್ತಾಗಲ್ಲ, ಅತ್ತೆ."

"ಗೊತ್ತಾಗದಿದ್ರೆ ಎಲ್ಲಾನೂ ಎತ್ಕೊಂತೀನಿ."

ಬೆನಕಪ್ಪ ಬೆಚ್ಚಿ ಸಾವಂತ್ರಿಯ ಕಡೆ ತಿರುಗಿದ. ಮಸಿ ಮೆತ್ತಿದ ಅವಳ ಕೆನ್ನೆಯ ಮೇಲೆ ಇನ್ನೂ ನೀರು ಇಳಿಯುತ್ತಿತ್ತು.

"ನಮ್ಮವ್ವನ್ನ ಏನಂತ ಕರೆದ್ರಿ?"

"ಅತ್ತೆ ಅಂದೆ," ಎಂದಳು ಸಾವಂತ್ರಿ. "ತಪ್ಪಾಯ್ತಾ?"

"ಇಲ್ಲ... ಇನ್ನೊಂದು ಸಲ ಅನ್ರಿ."