ನಕಾಶೆಯಿಂದ ಬಿದ್ದುಹೋದ ಬನ್ನಿತೋಟ

“ನಮ್ಮ ಬನ್ನಿತೋಟ ಎಲ್ಲೈತ್ರಿ ಇದರಾಗ?”

ರಾಮದುರ್ಗದ ಒಂದು ನಕಾಶೆ ಕಚೇರಿ. ಉಮಾಶ್ರೀ ಹೊಸ ಬಸ್ ನಕಾಶೆಯನ್ನು ಮೇಜಿನ ಮೇಲೆ ಬಡಿದ ರಭಸಕ್ಕೆ ನಕಾಶೆ ಮಾಡುವ ಬಸವಲಿಂಗ ಎದ್ದೇ ನಿಂತ.

ಅಯ್ಯೋ... ಇವನೇ! ಹೋದ ವರ್ಷ ಊರಿನ ಅಳತೆಗೆಂದು ಮೂರು ಸಲ ಬಂದು, ಅವಳ ಮನೆಯ ಕಟ್ಟೆಯ ಮೇಲೆ ಕುಳಿತು ಮಜ್ಜಿಗೆ ಕುಡಿದು ಹೋದವನು. ನಾಲ್ಕನೇ ಸಲ ಬಂದಾನೆಂದು ಇವಳು ದಾರಿ ನೋಡಿದ್ದೇ ಬಂತು!

“ದೊಡ್ಡ ನಕಾಶಿಯೊಳಗ ಐತ್ರಿ,” ಎಂದ ಮೆಲ್ಲಗೆ. “ಅದನ್ನ ಸಣ್ಣದ ಮಾಡುವಾಗ ಎಲ್ಲಾ ಹಿಡಿಸೂದಿಲ್ಲ. ಐವತ್ತು ಮನಿಗಿಂತ ಕಡಿಮಿ ಇದ್ರ ಕಂಪ್ಯೂಟರ್ ತಾನ ತಗದು ಒಗೀತೈತಿ.”

“ಒಗೀತೈತಿ? ನಾವೇನು ಕಸಾ ಏನ್ರಿ? ನಕಾಶಿಯೊಳಗ ಊರಿಲ್ಲಂತ ಬಸ್ ಬಂದ್ ಮಾಡ್ಯಾರ! ಕಟಕೋಳದ ಸಾಲಿಗಿ ಹೋಗೂ ಹನ್ನೊಂದು ಹುಡುಗ್ಯಾರು ಮನಿಯಾಗ ಕುಂತಾರ. ಇಬ್ಬರಿಗೆ ಆಗಲೇ ವರಾ ನೋಡಾಕತ್ತಾರ!”

ಅವನ ಮುಖ ಬಿಳಿಚಿತು. ಅವಳು ನಕಾಶೆಯಲ್ಲಿದ್ದ ಒಂದು ಸಣ್ಣ ಗುಡಿಯ ಗುರುತಿನ ಮೇಲೆ ಬೆರಳಿಟ್ಟಳು.

“ಮತ್ತ ಈ ಗುಡಿ ಹೆಂಗ ಉಳೀತು? ಅದೇನು ಐವತ್ತು ಮನಿ ಐತೇನು?”

“ಪ್ರತಿ ಜಾಗಕ್ಕೂ ‘ಯಾಕ ಮುಖ್ಯ’ ಅಂತ ಒಂದು ಖಾನೆ ಐತ್ರಿ. ಅದರಾಗ ಕಾರಣ ಬರದ್ರ ಎಷ್ಟ ಸಣ್ಣದಿದ್ರೂ ಕಂಪ್ಯೂಟರ್ ಮುಟ್ಟೂದಿಲ್ಲ.”

“ನಮ್ಮೂರಿನ ಖಾನೆ ಯಾರು ತುಂಬಬೇಕಾಗಿತ್ತು?”

“ನಾನ್ರೀ.”

“ಏನ ಬರದ್ರಿ?”

“...ಖಾಲಿ ಬಿಟ್ಟೆ.”

ಉಮಾಶ್ರೀಯ ಕಣ್ಣು ತುಂಬಿದವು, ಸಿಟ್ಟು ಮಾತ್ರ ಇಳಿಯಲಿಲ್ಲ.

“ಮೂರು ಸಲ ಬಂದ್ರಿ! ಮುಖ್ಯ ಅನಿಸೂವಂಥಾದ್ದು ಒಂದೂ ಸಿಗಲಿಲ್ಲೇನು ಅಲ್ಲಿ? ಒಂದೂ?”

“ಸಿಕ್ಕಿತ್ರಿ! ಆ ಖಾನೆಗೆ ಬಂದಾಗೆಲ್ಲಾ ನಿಮ್ಮ ಹೆಸರ ನೆನಪಾಗತಿತ್ತು. ಬ್ಯಾರೆ ಏನೂ ತೋಚಲಿಲ್ಲ. ಕಚೇರಿ ಕಾಗದದಾಗ ಅದನ್ನ ಹೆಂಗ ಬರೀಲಿ? ನಾಚಿಕಿಯಾಗಿ... ಬಿಟ್ಟೆ. ನನಗ ನಿಮ್ಮ ಮ್ಯಾಲ ಮನಸೈತ್ರಿ.”

ಅವಳ ಕಿವಿ ಬಿಸಿಯಾದವು. ಖುಷಿಯೋ ಸಿಟ್ಟೋ... ಎರಡೂ!

“ನಿಮ್ಮ ನಾಚಿಕಿಗಿಷ್ಟು ಬೆಂಕಿ ಹಚ್ಚ! ಹನ್ನೊಂದು ಹುಡುಗ್ಯಾರ ಸಾಲಿ ಬಿಡಿಸೇತದು! ಕುಂದರ್ರಿ. ನಾ ಹೇಳತೇನಿ, ಬರೀರಿ. ‘ಹನ್ನೊಂದು ಸಾಲಿ ಹುಡುಗ್ಯಾರು. ದಿನಾ ಬಸ್ ಬೇಕು.’”

ಅವನು ಕಂಪ್ಯೂಟರ್ ಮುಂದೆ ಕುಳಿತು ಹಾಗೆಯೇ ಬರೆದ. ಪರದೆಯ ಮೇಲೆ, ಕಟಕೋಳದ ಪಕ್ಕದಲ್ಲಿ, ಬನ್ನಿತೋಟದ ಹೆಸರು ಮೂಡಿತು.

“ಬಸ್ಸಿನವರಿಗೆ ಈ ನಕಾಶಿ ಇವತ್ತ ನಾನ ಒಯ್ದು ಕೊಡತೇನಿ. ತಪ್ಪು ನಂದಂತ ಬರದ ಕೊಡತೇನಿ,” ಎಂದ. ಆಮೇಲೆ ತಡವರಿಸಿದ. “ನಿಮ್ಮಪ್ಪಾರನ್ನ ಕಾಣಾಕ... ಬರಲೇನ್ರಿ?”

ಉಮಾಶ್ರೀ ಬಾಗಿಲವರೆಗೆ ಹೋಗಿ ತಿರುಗಿ ನಿಂತಳು.

“ಬರ್ರಿ. ಆದ್ರ ಬೈಕ್ ಮ್ಯಾಲ ಬಂದ್ರ ಹೊಸ್ತಿಲಾ ದಾಟಗೊಡೂದಿಲ್ಲ!”

“ಮತ್ತ ಹೆಂಗ ಬರಲಿ?”

“ಬಸ್ಸಿನ್ಯಾಗ ಬರ್ರಿ.”