ಅಮಾಸಿ ಮರುದಿನದ ಹುಡುಗ

"ಬಟನ್ ಮ್ಯಾಲಿಂದ ಕೈ ತೆಗೀರಿ ಮೊದಲ!"

ಬಾಗಿಲಿನಿಂದ ಬಂದ ಆ ಕೂಗಿಗೆ ಗೌತಮಿ ಬೆಚ್ಚಿದಳು. ಬೆರಳು ತಾನಾಗಿ ಹಿಂದೆ ಸರಿಯಿತು.

ಗುರುತು ಪರಿಚಯವಿಲ್ಲದ ಗಂಡಸು ಬಂದವನೇ ಗದರಿಸಿದರೆ ಯಾವ ಹುಡುಗಿ ಸುಮ್ಮನಿದ್ದಾಳು? ಅದರಲ್ಲೂ ನಮ್ಮ ಹೊನವಾಡದ ಹುಡುಗಿ!

"ಯಾರ್ರಿ ನೀವು? ನನ್ನ ಟೇಬಲ್ ಮುಂದ ನಿಂತು ನನಗ ದಬಾಯಿಸಾಕತ್ತೀರಲ್ಲ?"

"ಸಮ್ಯಕ್ ಅಂತ್ರಿ, ಬಬಲೇಶ್ವರದಾಂವ. ಸುರೇಶ ಕಾಕಾ ಕರದಾರ. ಆ ಮಶೀನ್ ತನ್ನ ಡಿಸ್ಕ್ ತಪಾಸ ಮಾಡ್ಕೊಳ್ಳಾಕತ್ತೈತಿ. ಈಗ ಒತ್ತಿ ಬಂದ್ ಮಾಡಿದ್ರ ಇದ್ದದ್ದೂ ಹೋಗ್ತೈತ್ರಿ."

ಸೊಲ್ಲಾಪುರ ರಸ್ತೆಯ ಸುರೇಶ ಕಾಕಾನ ಪ್ರೆಸ್ಸಿನಲ್ಲಿ ಲಗ್ನದ ಕಾರ್ಡುಗಳಿಗೆ ರೂಪ ಕೊಡುವವಳು ಗೌತಮಿ. ಆ ವರ್ಷ ಹೊಸದಾಗಿ ಬಂದ ದೊಡ್ಡ ಕಂಪ್ಯೂಟರ್ ಲಿನಕ್ಸ್ ಎಂಬ ತಂತ್ರಾಂಶದಲ್ಲಿ ಓಡುತ್ತಿತ್ತು. ಎಲ್ಲ ಕಾರ್ಡುಗಳೂ ಅದರ ಹೊಟ್ಟೆಯಲ್ಲೇ. ರಾತ್ರಿಯಿಡೀ ಅದು ಚಾಲೂ ಇರುತ್ತಿತ್ತು. ಇವತ್ತು ಬೆಳಿಗ್ಗೆ ನೋಡಿದರೆ ಕರಿ ಪರದೆ, ಅದರ ತುಂಬ ಬಿಳಿ ಅಕ್ಷರ! ಉಳಿದ ಕಂಪ್ಯೂಟರ್‌ಗಳಿಗೆ ಅದು ಸಿಗುತ್ತಲೇ ಇಲ್ಲ. ಪ್ರೆಸ್ಸೆಲ್ಲ ಕೈಕಟ್ಟಿ ಕುಳಿತಿತ್ತು.

"ಆ ಬಿಳಿ ಅಕ್ಷರ ನೋಡಿದ್ರ ನನಗ ಅಂಜಿಕಿ ಬರ್ತೈತ್ರಿ," ಗೌತಮಿಯ ದನಿ ತಗ್ಗಿತು.

ಅವನು ಕುರ್ಚಿ ಎಳೆದು ಕುಳಿತ. ಈಗ ಅವನ ದನಿಯೂ ಮೆತ್ತಗಾಗಿತ್ತು.

"ಅದು ಅಂಜಸಾಕತ್ತಿಲ್ರಿ. ಎಲ್ಲಿ ನೋವಾಗೇತಿ ಅಂತ ಹೇಳಾಕತ್ತೈತಿ. ಮೊದಲ ಓದ್ರಿ, ಆಮ್ಯಾಲ ಕೈ ಹಚ್ರಿ."

ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಅವಳಿಂದಲೇ ಓದಿಸಿದ. ಡಿಸ್ಕ್ ದುರಸ್ತಿ ಮಾಡುವ, ಇಂಗ್ಲಿಷಿನ ನಾಲ್ಕಕ್ಷರದ ಆದೇಶವನ್ನೂ ಅವಳ ಕೈಯಿಂದಲೇ ಟೈಪ್ ಮಾಡಿಸಿದ. ಮಶೀನ್ ಎದ್ದು ನಿಂತಿತು. ನೆಟ್‌ವರ್ಕ್ ಡಬ್ಬಿಯ ಹಸಿರು ದೀಪ ಮಿಣುಕಿತು.

'ಅಯ್ಯ... ಕಲಿಸುವಾಗ ಎಷ್ಟು ಸಮಾಧಾನ ಈ ಮನುಷ್ಯನಿಗೆ!'

ಹೋಗುವ ಮುನ್ನ ಸಮ್ಯಕ್ ಸುರೇಶ ಕಾಕಾನನ್ನು ಕೇಳಿದ. "ನಿನ್ನೆ ಸಂಜಿಮುಂದ ಕರೆಂಟ್ ಹೋಗಿತ್ತೇನ್ರಿ ಕಾಕಾ?"

"ಇಲ್ಲಪಾ ತಮ್ಮಾ. ಒಂದ ಗಳಿಗಿನೂ ಹೋಗಿಲ್ಲ."

ಸಮ್ಯಕ್ ತಲೆ ಕೆರೆದುಕೊಂಡು ಹೋದ.

ಮುಂದಿನ ತಿಂಗಳೂ ಮಶೀನ್ ಹಾಗೆಯೇ ಮಲಗಿತು. ಅದರ ಮುಂದಿನ ತಿಂಗಳೂ! ಪ್ರತಿ ಸಲವೂ ಅಮಾವಾಸ್ಯೆಯ ಮರುದಿನವೇ. ಪ್ರತಿ ಸಲವೂ ಅದೇ ಸಮ್ಯಕ್, ಅದೇ ಕುರ್ಚಿ, ಅದೇ ಮೆತ್ತನೆಯ ದನಿ. ಆ ದಿನ ಬೆಳಿಗ್ಗೆ ಗೌತಮಿ ತಲೆ ಬಾಚಿಕೊಳ್ಳಲು ತುಸು ಹೆಚ್ಚೇ ಹೊತ್ತು ತೆಗೆದುಕೊಳ್ಳುತ್ತಿದ್ದಳು. ಯಾಕೆಂದು ಅವಳನ್ನು ಕೇಳಬೇಡಿ, ಹೇಳುವವಳಲ್ಲ.

ಆದರೆ ಮಂದಿಯ ಬಾಯಿ ಸುಮ್ಮನಿರುತ್ತದೆಯೇ? ಮೂರನೆಯ ಸಲ ಮಶೀನ್ ಮಲಗಿದ ದಿನ ಪಕ್ಕದ ಝೆರಾಕ್ಸ್ ಅಂಗಡಿಯ ಅನೂಪ ಪ್ರೆಸ್ಸಿಗೆ ಬಂದು ಹಲ್ಲು ಕಿಸಿದ.

"ಹುಡುಗ ಶಾಣ್ಯಾ ಅದಾನ ಬಿಡ್ರಿ! ರಿಪೇರಿ ಮಾಡೂ ಮುಂದ ಒಂದ ಹುಳುಕ ಬಿಟ್ಟ ಹೋಗ್ತಾನ. ಇಲ್ಲಂದ್ರ ಗೌತಮಿ ಅಕ್ಕನ ಮಾರಿ ನೋಡೂದು ಹೆಂಗ?"

ಪ್ರೆಸ್ಸಿನಲ್ಲಿದ್ದವರೆಲ್ಲ ನಕ್ಕರು.

ಗೌತಮಿಯ ಮೈ ಉರಿದುಹೋಯಿತು. 'ನನ್ನ ಬಸ್ಸು ಟಿಕೋಟಾ ದಾಟೂದರೊಳಗ ಈ ಸುದ್ದಿ ನನಗಿಂತ ಮೊದಲ ಊರು ಮುಟ್ಟತೈತಿ. ಮಗಳ ಮ್ಯಾಲ ಭರೋಸಾ ಇಟ್ಟು ದುಡಿಯಾಕ ಕಳಸಿದ ಅಪ್ಪ ಏನಂದಾನು?'

ಅಷ್ಟರಲ್ಲಿ ಸಮ್ಯಕ್ ಒಳಗೆ ಬಂದ.

"ನಿಂದರ್ರಿ ಅಲ್ಲೇ! ನನ್ನ ನೋಡೂ ಸಲುವಾಗಿ ಪ್ರತಿ ತಿಂಗಳ ಮಶೀನ್ ಕೆಡಿಸಿ ಹೋಗ್ತೀರೇನು? ನಾಚಿಕಿ ಬರೂದಿಲ್ಲೇನ್ರಿ ನಿಮಗ?"

ಸಮ್ಯಕ್‌ನ ಮುಖದ ಕಳೆಯೇ ಹೋಯಿತು. ಆದರೂ ದನಿ ಏರಿಸಲಿಲ್ಲ.

"ನಿಮ್ಮನ್ನ ನೋಡಾಕ ಬರೂದಿದ್ರ, ಲಗ್ನದ ಕಾರ್ಡ್ ಮಾಡಿಸೂದೈತಿ ಅಂತ ಹೇಳಿ ನೆಟ್ಟಗ ಬರ್ತಿದ್ನಿರಿ. ಮಶೀನ್ ಕೆಡಿಸೂದು ನನ್ನ ಕಸಬಲ್ಲ."

ಮಶೀನನ್ನು ಎಬ್ಬಿಸಿದ. ಬ್ಯಾಗು ಹೆಗಲಿಗೇರಿಸಿದ. "ಇನ್ನ ಮುಂದ ಬ್ಯಾರೆದವರ್ನ ಕರೀರಿ ಕಾಕಾ," ಎಂದವನು ತಿರುಗಿ ನೋಡಲೇ ಇಲ್ಲ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ಹೌದಲ್ಲ? ಗೆದ್ದವಳು ಗೌತಮಿ. ಆದರೆ ಬಸ್ಸಿನ ಕಿಟಕಿಗೆ ತಲೆ ಆನಿಸಿ ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡವಳೂ ಅವಳೇ.

ಮುಂದಿನ ಅಮಾವಾಸ್ಯೆ ಬಂತು. ಅರ್ಜೆಂಟ್ ಕೆಲಸವಿದ್ದದ್ದರಿಂದ ಗೌತಮಿ ಯಾವಾಗಲೂ ಹಿಡಿಯುವ ಬಸ್ಸು ಬಿಟ್ಟು ಪ್ರೆಸ್ಸಿನಲ್ಲೇ ಉಳಿದಿದ್ದಳು. ಹೊತ್ತು ಮುಳುಗುತ್ತಿದ್ದಂತೆ ಸುರೇಶ ಕಾಕಾ ಕೈಕಾಲು ತೊಳೆದು, ತೆಂಗಿನಕಾಯಿ, ಕುಂಕುಮ, ಅರಿಶಿಣದ ನೀರು ಹಿಡಿದು ಬಂದರು. ಮಶೀನುಗಳಿಗೆ ಅಮಾವಾಸ್ಯೆಯ ಪೂಜೆ. ಆ ರಸ್ತೆಯ ಅಂಗಡಿಗಳಲ್ಲಿ ಅದು ಎಂದಿನ ಪದ್ಧತಿ.

ಕಾಕಾ ಮೊದಲು ಯುಪಿಎಸ್ ಗುಂಡಿ ಒತ್ತಿದರು. ಆಮೇಲೆ ಮೇನ್ ಸ್ವಿಚ್ ಎಳೆದರು.

ಖಟ್!

ಓಡುತ್ತಿದ್ದ ದೊಡ್ಡ ಕಂಪ್ಯೂಟರ್ ಉಸಿರು ಕಟ್ಟಿದಂತೆ ನಿಂತಿತು.

"ಕಾಕಾ! ಏನ ಮಾಡಿದ್ರಿ ಇದು?"

"ಪೂಜೆ, ತಂಗಿ. ನೀರ ಚಿಮಕಸ್ತೀನಲ್ಲ, ಶಾಕ್ ಹೊಡೀಬಾರ್ದಂತ ಎಲ್ಲಾ ಬಂದ್ ಮಾಡ್ತೀನಿ. ಪ್ರತಿ ಅಮಾಸಿಗೂ ಹಿಂಗ."

"ಮತ್ತ ಸಮ್ಯಕ್ ಕೇಳಿದಾಗ ಹೇಳಲಿಲ್ಲಲ್ರಿ!"

"ಅಂವಾ ಕರೆಂಟ್ ಹೋಗಿತ್ತೇನು ಅಂತ ಕೇಳಿದ್ನವಾ. ಕರೆಂಟ್ ಎಲ್ಲಿ ಹೋಗಿತ್ತು? ನಾನ ತಗದಿದ್ದೆ!"

ಗೌತಮಿಗೆ ಈಗ ಎಲ್ಲ ತಿಳಿಯಿತು. 'ಯಪ್ಪಾ... ಏನೂ ತಪ್ಪಿಲ್ಲದ ಮನುಷ್ಯನನ್ನು ಮಂದಿ ಮುಂದೆ ಕಳ್ಳನನ್ನು ಮಾಡಿದೆನಲ್ಲ!'

ಸ್ವಿಚ್ ಹಾಕಿದ ಮೇಲೆ ಅದೇ ಕರಿ ಪರದೆ. ಈ ಸಲ ಅವಳು ಅಂಜಲಿಲ್ಲ. ಒಂದೊಂದೇ ಸಾಲು ಓದಿದಳು. ಅವನು ಕಲಿಸಿದ ಆದೇಶವನ್ನೇ ಟೈಪ್ ಮಾಡಿ ಡಿಸ್ಕ್ ಸರಿಮಾಡಿದಳು. ಮಶೀನ್ ಎದ್ದಿತು! ಆದರೆ ಪಾಸ್‌ವರ್ಡ್ ಹಾಕಿದರೆ ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಪಾಸ್‌ವರ್ಡನ್ನೇ ಕೇಳುತ್ತಿತ್ತು.

"ಫೋನ್ ಹಚ್ಚು ತಂಗಿ ಅವಗ," ಎಂದರು ಕಾಕಾ.

"ಫೋನಿನಾಗ ಮುಗಿಯೂ ಮಾತಲ್ರಿ. ನಾಳೆ ಬಬಲೇಶ್ವರಕ್ಕ ಹೋಗ್ತೀನಿ."

"ತಪ್ಪ ನಂದು. ನಾನೂ ಬರ್ತೀನಿ."

"ಬ್ಯಾಡ್ರಿ ಕಾಕಾ. ಸ್ವಿಚ್ ನಿಮ್ದು, ನಾಲಿಗಿ ನಂದು."

ಬಬಲೇಶ್ವರದ ಬಸ್‌ಸ್ಟ್ಯಾಂಡ್ ಹತ್ತಿರ ಸಮ್ಯಕ್‌ನ ಸಣ್ಣ ಅಂಗಡಿ. ಗಿರಾಕಿಗಳಿದ್ದರು. ಮಗನಿಗೆ ಬುತ್ತಿ ತಂದಿದ್ದ ಅವನ ತಾಯಿ ಚಂದ್ರಾಬಾಯಿಯೂ ಇದ್ದರು. ಆದರೂ ಗೌತಮಿ ಬಾಗಿಲಲ್ಲಿ ನಿಂತೇ ಹೇಳಿದಳು.

"ಮಂದಿ ಮುಂದ ಅಂದಿದ್ದೆ, ಮಂದಿ ಮುಂದನ ಕೇಳ್ತೀನ್ರಿ. ನಂದ ತಪ್ಪಾತು. ನೀವು ಏನೂ ಕೆಡಿಸಿರಲಿಲ್ಲ. ಮೊದಲ ಓದ್ರಿ ಅಂತ ನನಗ ಕಲಿಸಿದ್ರಿ... ನಿಮ್ಮ ವಿಷಯದಾಗ ನಾ ಓದಲಿಲ್ಲ, ಬರೇ ಒದರಿದೆ!"

ಕಣ್ಣೀರು ತಡೆಯಲಾಗಲಿಲ್ಲ. ಪೂಜೆಯ ಕಥೆಯನ್ನೆಲ್ಲ ಬಿಕ್ಕುತ್ತಲೇ ಹೇಳಿದಳು.

ಸಮ್ಯಕ್ ಕೈಯಲ್ಲಿದ್ದ ಕೆಲಸ ಬದಿಗಿಟ್ಟ. ನಂತರ ನಿಧಾನಕ್ಕೆ ಹೇಳಿದ.

"ನಂದೂ ತಪ್ಪೈತ್ರಿ. ಕರೆಂಟ್ ಹೋಗಿತ್ತೇನು ಅಂತ ಕಾಕಾನ್ನ ಒಂದ ಮಾತು ಕೇಳಿ ಅಷ್ಟಕ್ಕ ಸುಮ್ಮನಾದೆ. ಈಗ ಮಶೀನ್ ಹೆಂಗೈತಿ?"

"ನಾನ ಎಬ್ಬಿಸೇನಿ! ಆದ್ರ ಪಾಸ್‌ವರ್ಡ್ ಸರಿ ಇದ್ರೂ ಬಾಗಲಾ ತಗದಂಗ ಮಾಡಿ ಮತ್ತ ಹೊರಗ ನಿಂದರಸ್ತೈತಿ."

ಅವನ ತುಟಿಯಂಚಿನಲ್ಲಿ ಸಣ್ಣ ನಗು. "ನನಗ ಆದಂಗ ಆಗೇತಿ ನಿಮಗ."

"ಚೇಷ್ಟಿ ಮಾಡಬ್ಯಾಡ್ರಿ..."

"ಕಂಟ್ರೋಲ್, ಆಲ್ಟ್, ಎಫ್-3 ಗುಂಡಿ ಕೂಡಿ ಒತ್ರಿ. ಕರಿ ಪರದಿಯೊಳಗ ಲಾಗಿನ್ ಆಗ್ರಿ. ಡೆಸ್ಕ್‌ಟಾಪಿಗೆ ಬೇಕಾದ ಸಣ್ಣ ಫೈಲೊಂದು ಕೆಟ್ಟಿರ್ತೈತಿ, ಹೆಸರು ಹೇಳ್ತೀನಿ. ಅದನ್ನ ತಗದಬಿಟ್ರ ತಾನ ಹೊಸಾದ ಮಾಡ್ಕೋತೈತಿ."

"ನೀವ ಒಮ್ಮಿ ಬಂದ್ರ..."

"ಬ್ಯಾಡ್ರಿ. ನಾ ಬಂದ್ರ ಮಂದಿ ಮತ್ತ ಅದನ್ನ ಅಂತಾರ. ನಿಮ್ಮ ಕೈಲೆ ಆಗ್ತೈತಿ, ಮಾಡ್ರಿ."

ಪ್ರೆಸ್ಸಿಗೆ ಮರಳಿ ಅವನು ಹೇಳಿದಂತೆ ಮಾಡಿದಳು. ಡೆಸ್ಕ್‌ಟಾಪ್ ತೆರೆಯಿತು. ಕಾಕಾ ಶಹಬ್ಬಾಸ್ ಎಂದರು. ಗೌತಮಿಗೆ ಮಾತ್ರ ಒಂದೇ ಯೋಚನೆ. 'ಕ್ಷಮಿಸಿದ. ಆದರೆ ಬರುವುದಿಲ್ಲ ಅಂದ...'

ಮತ್ತೊಂದು ಅಮಾವಾಸ್ಯೆ. ಕಾಕಾ ತೆಂಗಿನಕಾಯಿ ಹಿಡಿದು ಕಾಯುತ್ತ ನಿಂತಿದ್ದರು. "ಆತೇನ ತಂಗಿ?"

ಗೌತಮಿ ಮಶೀನನ್ನು ಸರಿಯಾಗಿ ಬಂದ್ ಮಾಡಿ ತಲೆಯಾಡಿಸಿದಳು. "ಈಗ ಕರೆಂಟ್ ತಗೀರಿ ಕಾಕಾ."

ಮರುದಿನ ಬೆಳಿಗ್ಗೆ ಮಶೀನ್ ಒಂದೇ ಸಲಕ್ಕೆ ಎದ್ದಿತು. ನೆಟ್‌ವರ್ಕ್ ಸರಿ, ಡೆಸ್ಕ್‌ಟಾಪ್ ಸರಿ. ಎಲ್ಲ ಸರಿ ಇದ್ದದ್ದಕ್ಕೆ ಅಳು ಬಂದ ಹುಡುಗಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಅವತ್ತು ಗೌತಮಿಯ ಗತಿ ಹಾಗಿತ್ತು.

"ಒಳಗ ಬರ್ಲೇನ್ರಿ?"

ಬಾಗಿಲಲ್ಲಿ ಸಮ್ಯಕ್! ಇಸ್ತ್ರಿ ಮಾಡಿದ ಅಂಗಿ. ಹೆಗಲಲ್ಲಿ ಬ್ಯಾಗಿಲ್ಲ.

"ಮಶೀನ್... ಮಶೀನ್ ಕೆಟ್ಟಿಲ್ರಿ," ತೊದಲಿದಳು ಗೌತಮಿ.

"ಗೊತ್ತೈತ್ರಿ. ನಾ ಲಗ್ನದ ಕಾರ್ಡ್ ಮಾಡಸಾಕ ಬಂದೇನಿ."

ಕಾಕಾ ಕೆಮ್ಮಿ, ಅಲ್ಲೇ ನಿಂತಿದ್ದ ಅನೂಪನ ರಟ್ಟೆ ಹಿಡಿದು ಹೊರಗೆ ಎಳೆದೊಯ್ದರು.

"ವರನ ಹೆಸರು?" ಗೌತಮಿ ಕೀಬೋರ್ಡ್ ಹತ್ತಿರ ಎಳೆದುಕೊಂಡಳು.

"ಸಮ್ಯಕ್ ಅಂಬಾದಾಸ."

"ವಧು...?"

"ಅದನ್ನ ನಾ ಹೇಳಾಂಗಿಲ್ರಿ. ಹುಡುಗಿ ಮನಸ ತಿಳ್ಕೊಂಡ ಬಾ, ಆಮ್ಯಾಲ ಹೊನವಾಡಕ್ಕ ಹೋಗಿ ಹಿರೇರನ್ನ ಕೇಳ್ತೀನಿ ಅಂದಾಳ ನಮ್ಮವ್ವ. ಮನಸಿದ್ರ ನೀವ ಟೈಪ್ ಮಾಡ್ರಿ. ಇಲ್ಲಂದ್ರ ಖಾಲಿ ಬಿಡ್ರಿ, ನಾ ಸುಮ್ನ ಹೋಗ್ತೀನಿ."

ಗೌತಮಿ ಪರದೆಯ ಕಡೆ ತಿರುಗಿದಳು. ಕಣ್ಣು ತುಂಬಿ ಅಕ್ಷರಗಳು ಮಸುಕಾಗಿದ್ದವು. ಆದರೂ ಬೆರಳು ತಪ್ಪಲಿಲ್ಲ.

ಸಮ್ಯಕ್ ಬಗ್ಗಿ ನೋಡಹೋದವನು ನಡುವೆಯೇ ನಿಂತ.

"ನೋಡ್ಲೇನ್ರಿ?"

"ಹೂಂ," ಎಂದಳು ಗೌತಮಿ, ನಾಚಿ ನಗುತ್ತ. "ಮೊದಲ ಓದ್ರಿ... ಆಮ್ಯಾಲ ಕೈ ಹಿಡೀರಿ."