ತುಲೆಯಲ್ಲಿ ಹಗುರಾದ ಅರಸ

ಸಂಕ್ರಾಂತಿಯ ಬೆಳಗು. ಮಣಿಗೋಟೆಯ ಏಳು ಬಾಗಿಲುಗಳಿಗೂ ತೋರಣ ಕಟ್ಟಿತ್ತು; ರಾಜಬೀದಿಯುದ್ದಕ್ಕೂ ಕಹಳೆಗಳ ನಾದ, ಕುದುರೆಗಳ ಹೇಷಾರವ. ಅರಮನೆಯ ಅಂಗಳದಲ್ಲಿ ನಿಲ್ಲಿಸಿದ ಮಹಾತುಲೆಯ ಒಂದು ತಟ್ಟೆಯಲ್ಲಿ ಕಾಳರಸನು ಕುಳಿತನು. ಇನ್ನೊಂದರಲ್ಲಿ, ಆ ವಂಶದ ಪದ್ಧತಿಯಂತೆ, ಬೆಲ್ಲದ ಅಚ್ಚುಗಳನ್ನು ಒಂದೊಂದಾಗಿ ಇಟ್ಟರು. ಕಳೆದ ವರ್ಷ ಅರಸನ ತೂಕಕ್ಕೆ ನಲವತ್ತು ಅಚ್ಚು ಬೇಕಾಗಿದ್ದವು. ಈ ವರ್ಷ ಮೂವತ್ತನೆಯದಕ್ಕೇ ಅವನ ತಟ್ಟೆ ಮೇಲೆದ್ದಿತು.

ಕಹಳೆಗಳು ನಿಂತವು.

"ವಿಷ!" ಎಂದನು ದಂಡನಾಯಕ ಬೊಪ್ಪರಸ. ಅವನು ಅರಸನ ದಾಯಾದಿ. ರಾಣಿಯ ತವರಿನಿಂದ ಬಂದಿದ್ದ ಬಾಣಸಿಗ ಮಾಯಣ್ಣನಿಗೆ ಆ ಗಳಿಗೆಯಲ್ಲೇ ಸಂಕೋಲೆ ಬಿತ್ತು. ಬಾಣಸಿಗನು ಅಪರಾಧಿಯಾದರೆ ರಾಣಿ ಅಪರಾಧಿ; ರಾಣಿಯ ಹಿಂದೆ ಎಳೆಯ ಯುವರಾಜನ ಹಕ್ಕೂ ಹೋಗುವುದು. ಆ ಹಕ್ಕು ಆಮೇಲೆ ಯಾರ ಪಾಲಾಗುವುದೆಂದು ಸಭೆಗೆ ತಿಳಿದಿತ್ತು.

ಬೊಪ್ಪರಸನು ರಾಜವೈದ್ಯ ಕೇತಪಯ್ಯನತ್ತ ತಿರುಗಿದನು. "ಮಧ್ಯಾಹ್ನದ ನಗಾರಿಯೊಳಗೆ ವಿಷದ ಹೆಸರು ಹೇಳಿ, ಪಂಡಿತರೇ. ಇಲ್ಲವಾದರೆ ಬಚ್ಚಿಟ್ಟವರು ನೀವೆಂದು ತಿಳಿಯಬೇಕಾದೀತು."

ಅರಸನ ಬೆರಳಿನಿಂದ ಮುದ್ರೆಯುಂಗುರ ಜಾರಿಬಿದ್ದಂದಿನಿಂದ, ಒಂದು ತಿಂಗಳು, ಕೇತಪಯ್ಯನು ಕಾರಣ ಹುಡುಕಿದ್ದನು. ಸಂಜೆಯ ಜ್ವರವಿಲ್ಲ, ಕೆಮ್ಮಿಲ್ಲ, ಆದ್ದರಿಂದ ಕ್ಷಯವಲ್ಲ. ಜಂತುಹುಳುವಿನ ಮದ್ದಾದ ವಾಯುವಿಳಂಗ ಕೊಟ್ಟರೂ ಹುಳು ಬೀಳಲಿಲ್ಲ. ಕೈ ನಡುಗುವುದಿಲ್ಲ, ಎದೆ ಹಾರುವುದಿಲ್ಲ. ಚಿಂತೆ ಹತ್ತಿದವರಿಗೆ ಅನ್ನ ಸೇರದು. ಅರಸನೋ ಎರಡಾಳಿನಷ್ಟು ಉಣ್ಣುತ್ತಿದ್ದನು. ವಿಷವೆನ್ನೋಣವೆಂದರೆ, ಅದೇ ಅನ್ನವನ್ನು ಮೊದಲು ಉಣ್ಣುವ ಮಾಯಣ್ಣನ ಹೊಟ್ಟೆ ನಡುಪಟ್ಟಿಯಲ್ಲಿ ಹಿಡಿಸುತ್ತಿರಲಿಲ್ಲ. ತೀರದ ಬಾಯಾರಿಕೆ ಮಧುಮೇಹವನ್ನು ಸೂಚಿಸುತ್ತಿತ್ತು. ಆದರೆ ಆ ರೋಗಿಯ ಮೂತ್ರಕ್ಕೆ ಇರುವೆ ಮುತ್ತಬೇಕು. ಏಳು ದಿನ ಕಾದರೂ ಒಂದು ಇರುವೆಯೂ ಬಂದಿರಲಿಲ್ಲ.

ಕಡೆಯ ಬಾರಿಗೆಂದು ಅವನು ಅರಸನ ಬಚ್ಚಲಿಗೆ ಹೋಗಿ, ಮೂತ್ರದ ಪಾತ್ರೆಯ ಪಕ್ಕ ಮಂಡಿಯೂರಿದನು. ನೆಲಕ್ಕೆ ತಾಗಿದ ಬೆರಳು ಹಳದಿಯಾಯಿತು.

"ಏನಿದು, ದೇಕವ್ವೆ?"

"ಅರಿಶಿನ, ಬುದ್ಧಿ," ಎಂದಳು ಬಚ್ಚಲು ತೊಳೆಯುವ ಮುದುಕಿ. "ದೀಪಾವಳಿ ಕಳೆದಾಗಿನಿಂದ ಇಲ್ಲಿ ಇರುವೆ ಕಾಟ. ಒಡೆಯರ ಪಾತ್ರೆಗೆ ಇರುವೆ ಹತ್ತಿದರೆ ನನ್ನ ಮಾನ ಉಳಿದೀತೇ? ದಿನಾ ಸುತ್ತಲೂ ಚೆಲ್ಲುತ್ತೇನೆ."

"ನನಗೇಕೆ ಹೇಳಲಿಲ್ಲ?"

"ನೀವು ಪಾತ್ರೆಯನ್ನು ಕೇಳಿದಿರಿ. ನನ್ನನ್ನು ಕೇಳಿದಿರಾ?"

ಅವನು ಪಾತ್ರೆಯನ್ನು ಎತ್ತಿಕೊಂಡನು. ಇರುವೆ ಬಾರದಿದ್ದರೆ ಎರಡು ತಲೆಗಳು ಉರುಳುವವು, ಒಂದು ಅವನದು.

ಅಂಗಳದಲ್ಲಿ ಎರಡು ಬಟ್ಟಲುಗಳನ್ನಿಟ್ಟನು. "ಇದು ಪ್ರಭುಗಳದು. ಇದು ನನ್ನದು."

"ಪಟ್ಟದರಸನೆದುರು ಉಚ್ಚೆಯ ಅಂಗಡಿಯೇ?" ಬೊಪ್ಪರಸನು ನಕ್ಕನು. ಸಭೆ ಅಂಜುತ್ತ ನಕ್ಕಿತು. ನಗಾರಿಯವನು ಕೋಲು ಹಿಡಿದು ಸೂರ್ಯನನ್ನು ನೋಡುತ್ತಿದ್ದನು.

ತುಲೆಯ ಬೆಲ್ಲಕ್ಕೆ ಇರುವೆಗಳು ಆಗಲೇ ಸಾಲುಗಟ್ಟಿದ್ದವು. ಬಟ್ಟಲುಗಳತ್ತ ಒಂದೂ ಸುಳಿಯಲಿಲ್ಲ. ಮಾಯಣ್ಣನು ಕಣ್ಣು ಮುಚ್ಚಿದನು. ಆಗ ಸಾಲಿನಿಂದ ಒಂದು ಇರುವೆ ಹೊರಳಿತು, ನಿಂತಿತು, ಅರಸನ ಬಟ್ಟಲನ್ನು ಏರಿತು. ಹಿಂದೆ ಮತ್ತೊಂದು, ಆಮೇಲೆ ಹತ್ತು, ಆಮೇಲೆ ಕರಿಯ ದಾರದಂತೆ ಒಂದು ಕವಲು. ವೈದ್ಯನ ಬಟ್ಟಲಿಗೆ ಒಂದೂ ಹತ್ತಲಿಲ್ಲ.

"ವಿಷವಲ್ಲ, ಪ್ರಭು. ಮಧುಮೇಹ. ಉಂಡದ್ದು ಮೈಗೆ ಹತ್ತದೆ ಸಿಹಿಯಾಗಿ ಹರಿದುಹೋಗುತ್ತಿದೆ."

"ಗುಣವಾಗುವುದೇ?"

ಹೌದೆಂದರೆ ಬಹುಮಾನ, ಇಲ್ಲವೆಂದರೆ ಏನೆಂದು ಅವನಿಗೆ ತಿಳಿಯದು. "ಇಲ್ಲ, ಪ್ರಭು. ಪಥ್ಯದಿಂದ ಕೆಲವು ಕಾಲ ತಡೆಹಿಡಿಯಬಹುದು."

ಅರಸನು ಇರುವೆಗಳನ್ನು ನೋಡಿದನು. "ಸುಳ್ಳು ಹೇಳಿದ್ದರೆ ನನಗೆ ಸುಖವಾಗುತ್ತಿತ್ತು," ಎಂದನು. "ಬೊಪ್ಪರಸ, ದಂಡನಾಯಕನ ಮುದ್ರೆಯನ್ನು ಇಲ್ಲಿಡು. ಮಾಯಣ್ಣನ ಸಂಕೋಲೆ ಕಳಚಿರಿ. ಪಂಡಿತರೇ, ನಾಳೆಯಿಂದ ನನಗೇನು ಬಡಿಸಬೇಕೆಂದು ಅವನಿಗೆ ಕಲಿಸಿರಿ."

ಮಾಯಣ್ಣನು ಊದಿದ ಮಣಿಕಟ್ಟುಗಳನ್ನು ಉಜ್ಜಿಕೊಂಡು ತುಲೆಯತ್ತ ನೋಡಿದನು. "ಪಾಯಸಕ್ಕೂ ಬೆಲ್ಲ ಬೇಡವೇ, ಪಂಡಿತರೇ?"

"ಬೇಡ."

ಬಾಣಸಿಗನು ತುಲೆಯ ಬಳಿಗೆ ನಡೆದು, ಮೂವತ್ತು ಅಚ್ಚುಗಳನ್ನೂ ಇರುವೆ ಸಮೇತ ಒಂದೊಂದಾಗಿ ಎತ್ತಿ ಜನರಿಗೆ ಹಂಚತೊಡಗಿದನು. ನಗಾರಿ ಮೊಳಗಿತು. ಯಾರೂ ಸಾಯಲಿಲ್ಲ.